ಪರೀಕ್ಷೆಯ ನಡುವೆ ಬಂದ ಪಾಸ್ಖ ಹಬ್ಬ

ಕ್ರಿಸ್‌ಮಸ್ ಯಾವ ದಿನ ಎಂದು ಕೇಳಿದರೆ ಒಂದನೇ ತರಗತಿಯ ಮಗುವೂ ಡಿಸೆಂಬರ್ 25 ಎನ್ನುತ್ತದೆ. ಈಸ್ಟರ್ ಯಾವಾಗ ಎಂದು ಕೇಳಿದರೆ ದೊಡ್ಡವರೂ ಕ್ಯಾಲೆಂಡರ್ ನೋಡಬೇಕಾಗುತ್ತದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಹೀಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರೊಳಗಿನ ಯಾವ ಭಾನುವಾರವಾದರೂ ಈ ಹಬ್ಬ ಬರಬಹುದು. ನಮ್ಮ ಶಾಲೆಗಳ ಪರೀಕ್ಷೆಗಳೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ. ಪಾಪ, ಚಂದ್ರನಿಗೆ ಪರೀಕ್ಷೆಯ ವೇಳಾಪಟ್ಟಿ ಗೊತ್ತಿಲ್ಲವಲ್ಲ!

2024ರಲ್ಲಿ ಇವೆರಡೂ ಒಟ್ಟಿಗೇ ಬಂದವು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 25ರಂದು, ಹೋಳಿ ಹುಣ್ಣಿಮೆಯ ದಿನವೇ ಆರಂಭವಾಗಿ ಏಪ್ರಿಲ್ 6ರವರೆಗೆ ನಡೆಯಿತು. 29 ಶುಭ ಶುಕ್ರವಾರ, 30 ವಿಜ್ಞಾನ ಪರೀಕ್ಷೆ, 31 ಈಸ್ಟರ್, ಏಪ್ರಿಲ್ 2 ಗಣಿತ! ಹತ್ತನೇ ತರಗತಿಯ ಮಕ್ಕಳಿರುವ ಕ್ರೈಸ್ತ ಮನೆಗಳು ಏನು ಮಾಡಬೇಕು? ಮಂಗಳೂರಿನ ಹೊರವಲಯದಲ್ಲಿರುವ, ನಮಗೆ ಪರಿಚಯದ ಕೊಂಕಣಿ ಕ್ಯಾಥೊಲಿಕ್ ಕುಟುಂಬವೊಂದು ಆ ಮೂರು ದಿನಗಳನ್ನು ಕಳೆದ ಬಗೆ ಎಲ್ಲ ತಂದೆತಾಯಂದಿರೂ ಕೇಳುವಂಥದು.

‘ಸಣ್ಣದು ಮಾಡುವ’

ಆ ಮನೆಯಲ್ಲಿ ಅಜ್ಜಿ, ತಾಯಿ, ಹತ್ತನೇ ತರಗತಿಯ ಮಗಳು, ಆರನೇ ತರಗತಿಯ ಮಗ. ತಂದೆಗೆ ಕುವೈತ್‌ನಲ್ಲಿ ಉದ್ಯೋಗ. ಹಬ್ಬಕ್ಕೆ ಬರುತ್ತೇನೆಂದಿದ್ದ ಅವರಿಗೆ ಕೊನೆಗಳಿಗೆಯಲ್ಲಿ ರಜೆ ಸಿಗಲಿಲ್ಲ. ಅವರೂ ಇಲ್ಲ, ಮಗಳಿಗೆ ಪರೀಕ್ಷೆ ಬೇರೆ. ಈ ವರ್ಷ ಹಬ್ಬವೇ ಬೇಡ ಎಂದು ತಾಯಿ ತೀರ್ಮಾನಿಸಿಬಿಟ್ಟರು. ಟಿ.ವಿ. ಹೇಗೂ ಎರಡು ತಿಂಗಳಿಂದ ಬಂದ್ ಆಗಿತ್ತು.

ಆಕ್ಷೇಪ ಎತ್ತಿದ್ದು ಮಗಳೇ. “ಮಮ್ಮಿ, ನಾನೇನು ದಿನವಿಡೀ ಓದುತ್ತೇನಾ? ನನ್ನಿಂದಾಗಿ ತಮ್ಮನಿಗೂ ಹಬ್ಬ ಇಲ್ಲ ಅಂದರೆ ನನಗೆ ಓದಲಿಕ್ಕೇ ಮನಸ್ಸು ಬರುವುದಿಲ್ಲ.” ಅಜ್ಜಿ ಮಧ್ಯೆ ಬಂದು ತೀರ್ಪು ಕೊಟ್ಟರು: “ಬಿಡುವುದು ಬೇಡ. ಸಣ್ಣದು ಮಾಡುವ.”

ಕೆಲಸ ಹಂಚಿಕೆಯಾಯಿತು. ಕೋಳಿ ಸಾರು ತಾಯಿಯದು, ಸಾನ್ನಾಂ ಅಜ್ಜಿಯದು, ಮಾರ್ಜಿಪಾನ್ ಮೊಟ್ಟೆ ಮಗನದು. ಮಗಳಿಗೆ ಶನಿವಾರ ಸಂಜೆ ಒಂದೇ ಒಂದು ಗಂಟೆಯ ಕೆಲಸ, ಅದೂ ತಮ್ಮನಿಗೆ ಸಹಾಯಕಿಯಾಗಿ.

ಶುಭ ಶುಕ್ರವಾರ ಓದಿಗೆ ಅಡ್ಡಿಯೇ ಆಗಲಿಲ್ಲ. ಅದು ಉಪವಾಸದ ದಿನ. ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಬಿಟ್ಟರೆ ಬೇರೇನಿಲ್ಲ. ಪವಿತ್ರ ಗುರುವಾರದ ಪೂಜೆಯಲ್ಲಿ ಮೌನವಾದ ಇಗರ್ಜಿಯ ಗಂಟೆ ಶನಿವಾರ ರಾತ್ರಿಯವರೆಗೆ ಮೊಳಗುವುದಿಲ್ಲ. ಊರಿಗೆ ಊರೇ ಸದ್ದಡಗಿದಂತಿದ್ದ ಆ ದಿನ ಹುಡುಗಿ ವಿಜ್ಞಾನದ ಪಾಠಗಳನ್ನೆಲ್ಲ ಒಮ್ಮೆ ತಿರುವಿಹಾಕಿದಳು.

ಆಲೂಗಡ್ಡೆಯಾದ ಮೊಟ್ಟೆ

ಈಸ್ಟರ್‌ಗೂ ಮೊಟ್ಟೆಗೂ ಏನು ಸಂಬಂಧ ಎಂದು ಮಕ್ಕಳು ಕೇಳುವುದುಂಟು. ಹಿಂದೆ ಯುರೋಪಿನಲ್ಲಿ ಈಸ್ಟರ್ ಮುಂಚಿನ ತಪಸ್ಸು ಕಾಲದಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ. ಕೋಳಿಗಳಿಗೆ ಆ ನಿಯಮ ಅನ್ವಯಿಸದ ಕಾರಣ ಮೊಟ್ಟೆಗಳು ರಾಶಿ ಬೀಳುತ್ತಿದ್ದವು, ಹಬ್ಬದ ದಿನ ಎಲ್ಲರ ಕೈಗೂ ಸಿಗುತ್ತಿದ್ದವು. ಚಿಪ್ಪು ಒಡೆದು ಹೊರಬರುವ ಮರಿಯಲ್ಲಿ ಸಮಾಧಿಯಿಂದ ಯೇಸು ಎದ್ದು ಬಂದದ್ದರ ಸಂಕೇತವನ್ನೂ ಕ್ರೈಸ್ತರು ಕಾಣುತ್ತಾರೆ. ವಿದೇಶದಲ್ಲಿ ಬಾದಾಮಿಯಿಂದ ಮಾಡುವ ಮಾರ್ಜಿಪಾನ್ ನಮ್ಮ ಕರಾವಳಿಯಲ್ಲಿ ಗೇರುಬೀಜದ್ದಾಯಿತು. ಗೇರುಬೀಜದ ಪುಡಿ, ಸಕ್ಕರೆ, ಮೊಟ್ಟೆಯ ಬಿಳಿಭಾಗ ಸೇರಿಸಿ ಸಣ್ಣ ಉರಿಯಲ್ಲಿ ಮಗುಚಬೇಕು. ಪಾತ್ರೆಯ ತಳ ಬಿಟ್ಟ ಮೇಲೆ ಇಳಿಸಿ, ಪನ್ನೀರು ಹಾಕಿ ನಾದಿ, ಅಚ್ಚಿಗೆ ಒತ್ತಬೇಕು.

ಹುಡುಗನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ತಳ ಬಿಡುವ ಮೊದಲೇ ಇಳಿಸಿದ. ಹಿಟ್ಟು ಅಚ್ಚಿಗೆ ಅಂಟಿಕೊಂಡಿತು. ಪರೀಕ್ಷೆ ಬರೆದು ಬಂದ ಅಕ್ಕ ಚಮಚದಲ್ಲಿ ಕೆರೆದು ತೆಗೆದು, ಇನ್ನೊಮ್ಮೆ ಒಲೆಗಿಟ್ಟು ಕೈಯಲ್ಲೇ ಉಂಡೆ ಕಟ್ಟಿಸಿದಳು. ಮೊಟ್ಟೆಯಾಗಬೇಕಾದದ್ದು ಬಣ್ಣಬಣ್ಣದ ಆಲೂಗಡ್ಡೆಯಾಯಿತು! ಆ ಒಂದು ಗಂಟೆಯಲ್ಲಿ ಅವಳು ನಕ್ಕಷ್ಟು ಪರೀಕ್ಷೆ ಶುರುವಾದಂದಿನಿಂದ ನಕ್ಕಿರಲಿಲ್ಲ ಎಂದರು ತಾಯಿ.

ರಾತ್ರಿ ಎಲ್ಲರೂ ಪಾಸ್ಖ ಜಾಗರಣೆಗೆ ಹೋದರು. ಇಗರ್ಜಿಯ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಆ ವರ್ಷದ ಅಂಕಿಗಳನ್ನು ಕೊರೆದ ದೊಡ್ಡ ಮೇಣದ ಬತ್ತಿಯನ್ನು ಬೆಳಗಿಸಿ, ಕತ್ತಲೆಯ ಇಗರ್ಜಿಯೊಳಗೆ ಒಯ್ಯುತ್ತಾರೆ. ಅದರಿಂದ ಒಬ್ಬರು ಇನ್ನೊಬ್ಬರ ಬತ್ತಿ ಹೊತ್ತಿಸುತ್ತ ಹೋಗುತ್ತಾರೆ. ಬಹಳ ಹೊತ್ತಿನ ವಾಚನಗಳ ಬಳಿಕ ಎರಡು ದಿನದಿಂದ ಸುಮ್ಮನಿದ್ದ ಗಂಟೆಗಳು ಒಮ್ಮೆಲೇ ಮೊಳಗುತ್ತವೆ. ಹುಡುಗ ಅಜ್ಜಿಯ ಭುಜಕ್ಕೊರಗಿ ನಿದ್ದೆ ಹೋಗಿದ್ದವನು ಗಂಟೆಯ ಸದ್ದಿಗೆ ಎದ್ದು ಕುಳಿತ.

ಉಕ್ಕಿ ಹರಿದ ಹಿಟ್ಟು

ಮನೆಗೆ ಬಂದು ದೀಪ ಹಾಕಿದರೆ ಅಡುಗೆಮನೆಯ ನೆಲದ ಮೇಲೆಲ್ಲ ಬಿಳಿ ಹೊಳೆ! ಸಾನ್ನಾಂ ಇಡ್ಲಿಯ ಹಾಗಿನ ತಿಂಡಿ. ಅಕ್ಕಿ, ಉದ್ದಿನ ಹಿಟ್ಟಿಗೆ ತೆಂಗಿನ ಕಳ್ಳು ಬೆರೆಸಿ ಹುದುಗಿಸುತ್ತಾರೆ. ಬೇಸಿಗೆಯ ಸೆಕೆಗೆ ಹಿಟ್ಟು ಬೇಗ ಉಬ್ಬಿ, ಉಕ್ಕಿ, ಉಳಿದದ್ದು ಕುಸಿದಿತ್ತು. ಅಜ್ಜಿ ತಲೆಯ ಮೇಲೆ ಕೈಹೊತ್ತು ಕುಳಿತರೆ ಮೊಮ್ಮಗಳು, “ಕಳ್ಳಿನಲ್ಲಿ ಯೀಸ್ಟ್ ಇರುತ್ತದೆ ಅಜ್ಜಿ. ಅದು ಸಕ್ಕರೆಯನ್ನು ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬೆಳಿಗ್ಗೆ ಪರೀಕ್ಷೆಯಲ್ಲಿ ಇದನ್ನೇ ಕೇಳಬೇಕಿತ್ತು!” ಎಂದಳು. ಮಧ್ಯರಾತ್ರಿ ನಾಲ್ವರೂ ನಗುತ್ತ ನೆಲ ಒರೆಸಿದರು.

ಬೆಳಿಗ್ಗೆ ಉಳಿದ ಹಿಟ್ಟನ್ನು ಕಾವಲಿಗೆ ಹೊಯ್ದು ದೋಸೆ ಮಾಡಿದರು. ಈಸ್ಟರ್‌ಗೆ ಕೋಳಿ ಸಾರಿನೊಂದಿಗೆ ದೋಸೆ! ಕುವೈತ್‌ನಲ್ಲಿ ಭಾನುವಾರ ಕೆಲಸದ ದಿನ. ಆದರೆ ಅದು ರಂಜಾನ್ ತಿಂಗಳಾದ್ದರಿಂದ ಬೇಗ ಕೆಲಸ ಮುಗಿಸಿದ ತಂದೆ, ನಮ್ಮ ಸಂಜೆ ನಾಲ್ಕೂವರೆಗೆ ವಿಡಿಯೊ ಕರೆ ಮಾಡಿದರು. ಆಲೂಗಡ್ಡೆಯಂಥ ಮೊಟ್ಟೆಗಳನ್ನು ನೋಡಿ, “ನನಗೆ ಎರಡು ತೆಗೆದಿಡಿ” ಎಂದವರು ಸ್ವಲ್ಪ ಹೊತ್ತು ಮಾತು ನಿಲ್ಲಿಸಿದರಂತೆ. ಹಿಂದಿನ ಮನೆಯ ಮುಸ್ಲಿಂ ಕುಟುಂಬಕ್ಕೆ ಮೊಟ್ಟೆಯ ತಟ್ಟೆಯನ್ನು ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ ಹುಡುಗ ಮುಟ್ಟಿಸಿದ. ಅಕ್ಕ ಅಷ್ಟರಲ್ಲಿ ಗಣಿತದ ಪುಸ್ತಕ ತೆರೆದಾಗಿತ್ತು.

ಅವಳು ಪಾಸಾದಳು. ಹಬ್ಬದಿಂದ ಅಂಕ ಹೆಚ್ಚಿತೆಂದು ಆ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಕಡಿಮೆಯಾಯಿತೆಂದೂ ಹೇಳುವುದಿಲ್ಲ. ಆದರೆ ಇಡೀ ಮನೆ ತನಗಾಗಿ ಉಸಿರು ಬಿಗಿಹಿಡಿದು ಕುಳಿತಿದೆ ಎಂಬ ಹೊರೆ ಅವಳ ತಲೆಯ ಮೇಲಿರಲಿಲ್ಲ. ಅದೇನು ಸಣ್ಣ ಮಾತಲ್ಲ.

ಈ ಮಾತು ಕ್ರೈಸ್ತರ ಮನೆಗಳಿಗೆ ಮಾತ್ರವಲ್ಲ. ಯುಗಾದಿಯೂ ಪರೀಕ್ಷೆಯ ಋತುವಿನಲ್ಲೇ ಬರುತ್ತದೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ. ಹಬ್ಬವನ್ನು ರದ್ದು ಮಾಡುವ ಮೊದಲು ಮಕ್ಕಳನ್ನು ಒಮ್ಮೆ ಕೇಳಿ. ಓದುವ ಮಗುವಿಗೂ ಒಂದು ಗಂಟೆಯ ಕೆಲಸ ಕೊಡಿ. ಹಿಟ್ಟು ಉಕ್ಕಿದರೆ ಉಕ್ಕಲಿ, ದೋಸೆ ಹೊಯ್ದರಾಯಿತು.