ಜಡ್ಡಿಲ್ಲದವರ ರಕ್ತದಲ್ಲೂ ವಿಡಾಲ್ ಪಾಸಿಟಿವ್

ಗದಗ ಜಿಲ್ಲೆಯ ರಾಜೂರಿನಂಥ ಊರಲ್ಲಿ ಮೂರ್ನಾಲ್ಕು ದಿನ ಜ್ವರ ಬಿಡಲಿಲ್ಲವೆಂದರೆ ಗಜೇಂದ್ರಗಡಕ್ಕೋ ರೋಣಕ್ಕೋ ಹೋಗಿ ರಕ್ತ ಕೊಟ್ಟು ಬರುವುದು ವಾಡಿಕೆ. ಸಂಜೆ ಕೈಗೆ ಸಿಗುವ ರಿಪೋರ್ಟಿನಲ್ಲಿ ವಿಡಾಲ್ ಎಂಬ ಸಾಲಿನ ಎದುರು 1:80 ಎಂದಿರುತ್ತದೆ. ‘ಟೈಫಾಯ್ಡ್ ಆಗೇತಂತ’ ಎಂಬ ಸುದ್ದಿ ಮನೆ ಮುಟ್ಟುವಷ್ಟರಲ್ಲಿ ಸಲಾಯಿನ್ ಹಚ್ಚಿಯೂ ಆಗಿರುತ್ತದೆ. ರೋಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ ಅಣ್ಣನ ರಕ್ತವನ್ನೂ ಅದೇ ದಿನ ನೋಡಿದ್ದರೆ? ಗಟ್ಟಿಮುಟ್ಟಾಗಿರುವ ಅವನ ರಿಪೋರ್ಟಿನಲ್ಲೂ 1:80 ಕಂಡರೆ ಅಚ್ಚರಿಪಡಬೇಕಿಲ್ಲ.

ಈ ಪರೀಕ್ಷೆಗೆ ಹೆಸರು ಬಂದದ್ದು ಪ್ಯಾರಿಸ್ಸಿನ ವೈದ್ಯ ಫರ್ನಾಂಡ್ ವಿಡಾಲ್‌ನಿಂದ. 1896ರಲ್ಲಿ ಆತ ತೋರಿಸಿದ್ದು ಇಷ್ಟು: ಟೈಫಾಯ್ಡ್ ರೋಗಿಯ ರಕ್ತದ ತಿಳಿಭಾಗವನ್ನು, ಅಂದರೆ ಸೀರಮ್ಮನ್ನು, ಟೈಫಾಯ್ಡ್ ಬ್ಯಾಕ್ಟೀರಿಯಾದ ಜೊತೆ ಬೆರೆಸಿದರೆ ಬ್ಯಾಕ್ಟೀರಿಯಾಗಳು ಗುಂಪುಗೂಡಿ ಹೆಪ್ಪಾಗುತ್ತವೆ. ಹಾಗೆ ಕೂಡಿಸುವುದು ಸೀರಮ್ಮಿನಲ್ಲಿರುವ ಪ್ರತಿಕಾಯಗಳು, ಅಂದರೆ ಆ್ಯಂಟಿಬಾಡಿಗಳು. ಸೀರಮ್ಮನ್ನು 20 ಪಾಲಿಗೆ, 40ಕ್ಕೆ, 80ಕ್ಕೆ, 160ಕ್ಕೆ ತೆಳುಮಾಡುತ್ತ ಹೋಗಿ, ಎಲ್ಲಿಯವರೆಗೆ ಹೆಪ್ಪು ಕಾಣುತ್ತದೋ ಆ ಅಂಕಿಯನ್ನು ಬರೆಯುತ್ತಾರೆ. ರಿಪೋರ್ಟಿನ ‘ಓ’ ಎಂದರೆ ಬ್ಯಾಕ್ಟೀರಿಯಾದ ಹೊರಗೋಡೆಯ ವಿರುದ್ಧದ ಪ್ರತಿಕಾಯ. ‘ಎಚ್’ ಎಂದರೆ ಅದು ಈಜಲು ಬಳಸುವ ಬಾಲದಂಥ ಎಳೆಗಳ ವಿರುದ್ಧದ್ದು. ಅಂಕಿ ಹೇಳುವುದು ಪ್ರತಿಕಾಯ ಎಷ್ಟಿದೆ ಎಂದು ಮಾತ್ರ. ಅದು ಈ ವಾರದ ಜ್ವರದ್ದೋ, ಹೋದ ವರ್ಷದ್ದೋ, ಬೇರಾವುದೋ ಸೂಕ್ಷ್ಮಜೀವಿಯ ದೆಸೆಯಿಂದ ಹುಟ್ಟಿದ್ದೋ ಎಂದು ಅದು ಹೇಳುವುದಿಲ್ಲ.

ಕಾಯಿಲೆಯೇ ಬಾರದೆ ಪ್ರತಿಕಾಯ ಹುಟ್ಟುವುದೆಂತು? ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮೆಲ್ಲರ ರಕ್ತದ ಗುಂಪು. ‘ಎ’ ಗುಂಪಿನವರು ಹುಟ್ಟಿದಾಗಿನಿಂದ ಒಂದು ಹನಿ ‘ಬಿ’ ರಕ್ತವನ್ನೂ ಪಡೆದಿರುವುದಿಲ್ಲ, ಆದರೂ ಅವರಲ್ಲಿ ‘ಬಿ’ ವಿರುದ್ಧದ ಪ್ರತಿಕಾಯ ಸಿದ್ಧವಾಗಿರುತ್ತದೆ. ಗುಂಪು ತಪ್ಪಿ ರಕ್ತ ಏರಿಸಿದರೆ ಜೀವಕ್ಕೆ ಕುತ್ತಾಗುವುದು ಅದಕ್ಕೇ. 1959ರಲ್ಲಿ ಜಾರ್ಜ್ ಸ್ಪ್ರಿಂಗರ್ ಮತ್ತು ಸಂಗಡಿಗರು ಕೋಳಿಮರಿಗಳ ಮೇಲೆ ಪ್ರಯೋಗ ನಡೆಸಿದರು. ಯಾವ ಸೂಕ್ಷ್ಮಜೀವಿಯೂ ಸೋಕದಂತೆ ಸಾಕಿದ ಮರಿಗಳಲ್ಲಿ ಈ ಪ್ರತಿಕಾಯ ಮೂಡಲಿಲ್ಲ. ಕರುಳಿನ ಬ್ಯಾಕ್ಟೀರಿಯಾವಾದ ಇ. ಕೋಲಿಯ ಒಂದು ಬಗೆಯನ್ನು ತಿನ್ನಿಸಿದ ಮೇಲೆ ಮೂಡಿತು. ಆ ಬ್ಯಾಕ್ಟೀರಿಯಾದ ಹೊರಮೈ ಸಕ್ಕರೆ ‘ಬಿ’ ರಕ್ತಕಣದ ಮೇಲಿನ ಸಕ್ಕರೆಯನ್ನು ಹೋಲುತ್ತದೆ. ಮನುಷ್ಯರ ಕೂಸಿನಲ್ಲೂ ಅಷ್ಟೇ. ಹುಟ್ಟಿದಾಗ ಇಲ್ಲದ ಸ್ವಂತ ಪ್ರತಿಕಾಯ ಮೂರರಿಂದ ಆರು ತಿಂಗಳಲ್ಲಿ, ಕರುಳಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿದ ಮೇಲೆ, ಕಾಣಿಸಿಕೊಳ್ಳುತ್ತದೆ. ‘ಸಹಜ’ ಎಂದು ನಾವು ಕರೆಯುವುದು ಬಹುಮಟ್ಟಿಗೆ ಕರುಳಿನ ಗಳಿಕೆ.

ಟೈಫಾಯ್ಡ್ ವಿಷಯದಲ್ಲೂ ಇದೇ ನಡೆಯುತ್ತದೆ. ಆ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ ಎಂಬ ದೊಡ್ಡ ಕುಲದ್ದು. ಅದರ ಹೊರಗೋಡೆಯ ಕೆಲವು ಭಾಗಗಳು ಪ್ಯಾರಾಟೈಫಾಯ್ಡ್ ತರುವ ಮತ್ತು ಮೊಟ್ಟೆ-ಮಾಂಸದಿಂದ ಹೊಟ್ಟೆ ಕೆಡಿಸುವ ದಾಯಾದಿಗಳಲ್ಲೂ ಇವೆ. ಚರಂಡಿಯ ಪಕ್ಕ ಹಾದ ನಲ್ಲಿ ಪೈಪು ಒಡೆದಲ್ಲಿ, ಸಂತೆಯಲ್ಲಿ ಮುಚ್ಚದೆ ಇಟ್ಟ ತಿನಿಸಿನಲ್ಲಿ ಇವು ಒಂದಿಷ್ಟಿಷ್ಟೇ ಹೊಟ್ಟೆ ಸೇರುತ್ತವೆ. ಒಂದು ದಿನ ಹೊಟ್ಟೆ ಕೆಟ್ಟು ಸರಿಹೋಗುತ್ತದೆ, ಇಲ್ಲವೇ ಏನೂ ಗೊತ್ತಾಗುವುದಿಲ್ಲ. ಪ್ರತಿಕಾಯ ಮಾತ್ರ ಉಳಿಯುತ್ತದೆ. ಅದಕ್ಕೇ ಒಂದೊಂದು ಸೀಮೆಗೂ ಆರೋಗ್ಯವಂತರ ಮೂಲಮಟ್ಟ ಬೇರೆ. ನಮಗೆ ಹತ್ತಿರದ ರಾಯಚೂರಿನಲ್ಲಿ ರಕ್ತದಾನಿಗಳ ಸೀರಮ್ಮಿನಿಂದ ಈ ಮೂಲಮಟ್ಟ ಅಳೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ರಕ್ತ ಕೊಡಲು ಬಂದವರು ರೋಗಿಗಳಲ್ಲವಷ್ಟೆ. ಅವರಲ್ಲಿ ಕಾಣುವ ಮಟ್ಟವನ್ನು ದಾಟಿದಾಗಲೇ ರೋಗವೆಂದು ಶಂಕಿಸಬೇಕು. ಎಲ್ಲೋ ಛಾಪಿಸಿದ ವಿಡಾಲ್ ಕಿಟ್ಟಿನ ಡಬ್ಬಿಯ ಮೇಲಿನ ಗೆರೆ ಗದಗ ಜಿಲ್ಲೆಗೂ ಸಲ್ಲುತ್ತದೆಂದು ನಂಬುವುದು ಸೋಮಾರಿತನ.

ಹಾಗೆಂದು ಈ ಪ್ರತಿಕಾಯಗಳು ನಿಷ್ಪ್ರಯೋಜಕವಲ್ಲ. ಆಫ್ರಿಕಾದ ಮಲಾವಿ ದೇಶದಲ್ಲಿ ಟೈಫಾಯ್ಡ್ ಅಲ್ಲದ ಸಾಲ್ಮೊನೆಲ್ಲಾ ರಕ್ತಕ್ಕೆ ಸೇರಿ ಕಾಡುವುದು ಹೆಚ್ಚಾಗಿ ಎರಡು ವರ್ಷದೊಳಗಿನ ಮಕ್ಕಳನ್ನು. ತಾಯಿಯಿಂದ ಹೊಕ್ಕುಳಬಳ್ಳಿಯ ಮೂಲಕ ಬಂದ ಪ್ರತಿಕಾಯ ತೀರಿ, ಸ್ವಂತದ್ದು ಇನ್ನೂ ಕೂಡದ ಅವಧಿ ಅದು ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಎದೆಹಾಲಿನ ಪ್ರತಿಕಾಯ ಕೂಸಿನ ಕರುಳಿಗೆ ಈ ಹೊತ್ತಿನಲ್ಲಿ ಆಸರೆ.

ಆದರೆ ಟೈಫಾಯ್ಡ್ ಬ್ಯಾಕ್ಟೀರಿಯಾ ಜಾಣ. ‘ವಿಐ’ ಎಂಬ ಸಕ್ಕರೆಯ ಹೊದಿಕೆ ಹೊದ್ದು ಅದು ತನ್ನ ಹೊರಗೋಡೆಯನ್ನೇ ಮರೆಮಾಡುತ್ತದೆ, ನಮ್ಮ ಜೀವಕೋಶಗಳ ಒಳಗೇ ಅಡಗುತ್ತದೆ. ಒಮ್ಮೆ ಟೈಫಾಯ್ಡ್ ಬಂದವರಿಗೆ ಮತ್ತೆ ಬರಬಹುದು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸುವ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಗುರಿಯಿಡುವುದು ಆ ಹೊದಿಕೆಗೇ. ಆರು ತಿಂಗಳು ತುಂಬಿದ ಮಕ್ಕಳಿಗೂ ಅದನ್ನು ಕೊಡಬಹುದು.

ವಿಡಾಲ್ ಒಂದನ್ನೇ ನಂಬಿ ಹತ್ತು ದಿನ ಆ್ಯಂಟಿಬಯೋಟಿಕ್ ನುಂಗಬೇಡಿ. ಜ್ವರದ ಮೊದಲ ವಾರದಲ್ಲಿ, ಔಷಧಿ ಶುರುವಾಗುವ ಮುಂಚೆ, ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನೇ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಲು ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಅದು ಆಗದಿದ್ದರೆ ವಾರ-ಹತ್ತು ದಿನ ಬಿಟ್ಟು ವಿಡಾಲ್ ಮತ್ತೊಮ್ಮೆ ಮಾಡಿಸಿ, ಹಳೆಯ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ: ಅಂಕಿ ನಾಲ್ಕು ಪಟ್ಟು ಏರಿದ್ದರೆ ಅದಕ್ಕೆ ಅರ್ಥವಿದೆ.