ಮೋಡ ನಂಬಿ ಕಾರ್ಡ್ ಖಾಲಿ ಮಾಡಿದೆ

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬೇಕೆಂದರೆ ಹಿಂದಿನ ಗುಡ್ಡ ಹತ್ತಬೇಕು. ಹೊಸನಗರ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಅಂಥ ಊರಲ್ಲಿ ಕೂತು ನಾನು ಮಾಡುವ ಕೆಲಸ ಮದುವೆ ಫೋಟೊಗಳ ಎಡಿಟಿಂಗ್. ಅದೂ ಟ್ಯಾಬ್‌ನಲ್ಲಿ. ಕೇಳಿದವರು ನಗುತ್ತಾರೆ, ನಗಲಿ.

ಸಾಗರದ ಸ್ಟುಡಿಯೊ ಒಂದರಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಸ್ಟುಡಿಯೊದ ಅಣ್ಣ ರೀಲ್ ಕಾಲದ ಮನುಷ್ಯ. ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಕಣ್ಣು ಹಾಳು ಮಾಡಿಕೊಂಡವರು. ಅಪ್ಪನಿಗೆ ಹುಷಾರಿಲ್ಲದೆ ನಾನು ವಾರದಲ್ಲಿ ನಾಲ್ಕು ದಿನ ಊರಲ್ಲೇ ಇರಬೇಕಾಗಿ ಬಂದಾಗ ಕೆಲಸ ಬಿಡುವ ಮಾತಾಡಿದ್ದೆ. ಆಗ ಕಂಡ ದಾರಿ ಐಪ್ಯಾಡ್. ಕಂತಿನಲ್ಲಿ ಕೊಂಡೆ. 'ಎಲ್ಲ ಕ್ಲೌಡ್‌ನಲ್ಲಿ ಇರುತ್ತೆ ಅಣ್ಣ, ನಾನು ಊರಲ್ಲಿ ಬಣ್ಣ ಸರಿ ಮಾಡಿದ್ರೆ ನಿಮ್ಮ ಕಂಪ್ಯೂಟರಲ್ಲಿ ಅಲ್ಲೇ ಕಾಣುತ್ತೆ' ಎಂದೆ. 'ಮೋಡದಲ್ಲಿ ಇಟ್ರೆ ಮಳೆಗಾಲದಲ್ಲಿ ಸುರಿದು ಹೋಗಲ್ವಾ ಮಾರಾಯ?' ಎಂದರು. ಆ ಜೋಕಿಗೆ ನಾನೂ ನಕ್ಕಿದ್ದೆ.

ಲೈಟ್‌ರೂಮ್ ಐಪ್ಯಾಡ್‌ಗೆ ಬಂದದ್ದು 2014ರಲ್ಲಿ. ರಾ ಫೈಲ್‌ಗಳನ್ನು ನೇರವಾಗಿ ತೆರೆಯುವ ಸೌಲಭ್ಯ 2016ರಲ್ಲಿ ಸಿಕ್ಕಿತು. ರಾ ಎಂದರೆ ಕ್ಯಾಮೆರಾ ತನ್ನ ಬುದ್ಧಿ ಉಪಯೋಗಿಸದೆ, ಕಂಡಿದ್ದನ್ನೆಲ್ಲ ಹಾಗೇ ತುಂಬಿಟ್ಟ ಫೈಲ್. ಮದುವೆ ಫೋಟೊಗ್ರಾಫರ್‌ಗೆ ಅದಿಲ್ಲದೆ ಆಗುವುದಿಲ್ಲ. ಈಗಿನ ಮಂಟಪಗಳಲ್ಲಿ ನೇರಳೆ ಎಲ್‌ಇಡಿ ಹಾಕುತ್ತಾರಲ್ಲ, ಅದರ ಕೆಳಗೆ ಮದುಮಗನ ಬಿಳಿ ಪಂಚೆ ನೇರಳೆ ಹಣ್ಣಿನ ರಸ ಚೆಲ್ಲಿದಂತೆ ಕಾಣುತ್ತದೆ. ಪುರೋಹಿತರ ತಲೆಯೂ ನೇರಳೆ. ರಾ ಫೈಲ್ ಇದ್ದರೆ ಅದನ್ನು ಬಹುಮಟ್ಟಿಗೆ ಬಿಳಿಗೆ ತರಬಹುದು. ಸೀರೆಯ ಅಂಚು, ಮೂಗುತಿ, ದಂಡೆ ಇವನ್ನೆಲ್ಲ ಬಿಡಿಸಿ ಬೆಳಕು ಕೊಡಲು ಮೌಸ್‌ಗಿಂತ ಟ್ಯಾಬ್‌ನ ಪೆನ್ಸಿಲ್ ನೂರು ಪಾಲು ವಾಸಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಮನೆ ಮುಟ್ಟುವ ಹೊತ್ತಿಗೆ ಐವತ್ತು ಫೋಟೊ ಮುಗಿಸಿರುತ್ತಿದ್ದೆ.

ಆರಂಭದ ಪೆಟ್ಟು ಬಿದ್ದದ್ದು ಬಣ್ಣದಲ್ಲಿ. ನಾನು ಜಗಲಿಯಲ್ಲಿ ಕೂತು ಎಡಿಟ್ ಮಾಡಿದ ಆಲ್ಬಂ ಪ್ರಿಂಟಾಗಿ ಬಂದಾಗ ಎಲ್ಲರ ಮುಖವೂ ಕಪ್ಪಿಟ್ಟಿತ್ತು. ಬಿಸಿಲಿಗೆ ಟ್ಯಾಬ್ ತಾನಾಗೇ ಬೆಳಕು ಏರಿಸಿಕೊಂಡಿತ್ತು, ನಾನು ಫೋಟೊ ಜಾಸ್ತಿ ಬೆಳಗಿದೆ ಅಂದುಕೊಂಡು ಇಳಿಸುತ್ತಾ ಹೋಗಿದ್ದೆ. ಆಮೇಲೆ ಆಟೊ ಬ್ರೈಟ್‌ನೆಸ್ ಆಫ್. ಸುತ್ತಲಿನ ಬೆಳಕು ನೋಡಿ ಬಣ್ಣ ಬದಲಿಸುವ ಟ್ರೂ ಟೋನ್ ಆಫ್. ರಾತ್ರಿ ಪರದೆಯನ್ನು ಹಳದಿ ಮಾಡುವ ನೈಟ್ ಶಿಫ್ಟ್ ಕೂಡ ಆಫ್. ಟ್ಯಾಬ್‌ನಲ್ಲಿ ಫೋಟೊ ಕೆಲಸ ಶುರು ಮಾಡುವವರು ಈ ಮೂರನ್ನು ಮೊದಲ ದಿನವೇ ಮಾಡಿ.

ಅದು ಸಣ್ಣ ಪೆಟ್ಟು. ದೊಡ್ಡದು ಕಳೆದ ಮೇ ತಿಂಗಳಲ್ಲಿ ಬಿತ್ತು.

ಗುರುವಾರದ ಮದುವೆ, 1,400 ಫೋಟೊ. ಒಂದೊಂದು ರಾ ಫೈಲ್ ಸುಮಾರು 25 ಎಂಬಿ, ಒಟ್ಟು 35 ಜಿಬಿ. ರಾತ್ರಿ ಕಾರ್ಡ್‌ನಿಂದ ನನ್ನ 64 ಜಿಬಿ ಟ್ಯಾಬ್‌ಗೆ ತುಂಬಿಕೊಂಡು, ಕಾರ್ಡ್ ಸ್ಟುಡಿಯೊದಲ್ಲಿ ಇಟ್ಟು, ಬೆಳಗಿನ ಬಸ್ಸಿಗೆ ಊರಿಗೆ ಬಂದೆ. ಶುಕ್ರವಾರ ಸಂಜೆ ಗುಡ್ಡದ ಮೇಲೆ ಫೋನಿನ ಹಾಟ್‌ಸ್ಪಾಟ್ ಹಾಕಿ ಕೂತೆ. ಅಣ್ಣ ಫೋನ್ ಮಾಡಿ, 'ಹೌದಲ್ಲ ಮಾರಾಯ, ನೀನು ಅಲ್ಲಿ ಮಾಡಿದ್ದು ಇಲ್ಲಿ ಕಾಣ್ತಾ ಇದೆ' ಎಂದರು. ಅವರ ದನಿಯಲ್ಲಿದ್ದ ಆಶ್ಚರ್ಯ ಕೇಳಿ ನಾನು ಉಬ್ಬಿ ಹೋದೆ.

ಎಡವಿದ್ದು ಇಲ್ಲೇ. ಲೈಟ್‌ರೂಮ್‌ನಂಥ ಆ್ಯಪ್‌ಗಳಲ್ಲಿ ನಾವು ಮಾಡುವ ಎಡಿಟಿಂಗ್ ಮೂಲ ಫೋಟೊವನ್ನು ಮುಟ್ಟುವುದೇ ಇಲ್ಲ. 'ಬೆಳಕು ಇಷ್ಟು ಏರಿಸು, ನೀಲಿ ಇಷ್ಟು ಇಳಿಸು' ಎಂದು ಒಂದು ಚೀಟಿ ಬರೆದು ಫೋಟೊಕ್ಕೆ ಅಂಟಿಸಿದಂತೆ ಅದು. ಚೀಟಿ ಕೆಲವೇ ಕೆಬಿ, ಕ್ಷಣದಲ್ಲಿ ಹೋಗುತ್ತದೆ. ಫೋಟೊ ಮಾತ್ರ ಲೋಡ್ ಲಾರಿ. ಗುಡ್ಡದ ಮೇಲೆ ನನಗೆ ಸಿಗುತ್ತಿದ್ದ ಅಪ್‌ಲೋಡ್ ವೇಗ ಸೆಕೆಂಡಿಗೆ 2 ಮೆಗಾಬಿಟ್. ಆ ಲೆಕ್ಕದಲ್ಲಿ 35 ಜಿಬಿ ನಿಲ್ಲದೆ ಹೋದರೂ ಸುಮಾರು 39 ಗಂಟೆ ಬೇಕು. ಸಾಲದ್ದಕ್ಕೆ ಆ್ಯಪ್ ಮುಚ್ಚಿ ಪರದೆ ಆರಿಸಿದರೆ ಲಾರಿಯೂ ನಿಲ್ಲುತ್ತದೆ. ಅಣ್ಣ ಅಲ್ಲಿ ನೋಡಿದ್ದು ಮೇಲಿನ ನೂರಿನ್ನೂರು ಫೋಟೊ. ಅವು ಬಂದಿದ್ದವು, ನನ್ನ ಚೀಟಿಗಳೂ ಬಂದಿದ್ದವು. ನಾವಿಬ್ಬರೂ ಎಲ್ಲವೂ ಬಂದಿದೆ ಅಂದುಕೊಂಡೆವು. ಮೂಲೆಯಲ್ಲಿ ಪುಟ್ಟ ಮೋಡದ ಚಿತ್ರವಿದೆ, ಒತ್ತಿದರೆ ಇನ್ನೆಷ್ಟು ಬಾಕಿ ಎಂದು ತೋರಿಸುತ್ತದೆ. ಒತ್ತಲಿಲ್ಲ.

ಶನಿವಾರ ಅಣ್ಣನ ಫೋನ್. 'ನಾಳೆ ನಾಮಕರಣ ಇದೆ, ಆ ಕಾರ್ಡ್ ಫಾರ್ಮ್ಯಾಟ್ ಮಾಡ್ಲಾ?'

'ಮಾಡಿ ಅಣ್ಣ, ಎಲ್ಲ ಕ್ಲೌಡಲ್ಲಿದೆ.'

ಭಾನುವಾರ ಟ್ಯಾಬ್ ಜಾಗ ಇಲ್ಲದೆ ತೆವಳತೊಡಗಿತು. ಆ್ಯಪ್ ತೆಗೆದು ಮತ್ತೆ ಹಾಕಿಕೊಂಡರೆ ಟ್ಯಾಬ್ ಹಗುರಾಗುತ್ತದೆ, ಫೋಟೊಗಳು ಕ್ಲೌಡ್‌ನಿಂದ ವಾಪಸ್ ಬರುತ್ತವೆ ಎಂದು ನನ್ನ ಲೆಕ್ಕ. ಅಳಿಸಿದರೆ ಒಳಗಿನದ್ದೂ ಹೋಗುತ್ತದೆ ಎಂದು ಅದು ಎಚ್ಚರಿಸಿತು. ಎಚ್ಚರಿಕೆ ಓದಿ ಸರಿ ಒತ್ತುವುದು ನಮ್ಮ ತಲೆಮಾರಿನ ಕೈಗುಣ. ಮತ್ತೆ ತೆರೆದಾಗ ಇದ್ದದ್ದು 830 ಫೋಟೊ.

ಲೈಟ್‌ರೂಮ್‌ನಲ್ಲಿ ಅಳಿಸಿದ ಫೋಟೊ 60 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ. ಆದರೆ ಕ್ಲೌಡ್ ಮುಟ್ಟದೇ ಹೋದದ್ದಕ್ಕೆ ಯಾವ ಬುಟ್ಟಿ? 2020ರ ಆಗಸ್ಟ್‌ನಲ್ಲಿ ಐಫೋನ್, ಐಪ್ಯಾಡ್‌ಗೆ ಬಂದ ಲೈಟ್‌ರೂಮ್ ಅಪ್‌ಡೇಟ್‌ನ ದೋಷದಿಂದ, ಸಿಂಕ್ ಆಗದಿದ್ದ ಎಷ್ಟೋ ಜನರ ಫೋಟೊ ಅಳಿಸಿಹೋಗಿದ್ದವು. ಅವನ್ನು ಮರಳಿ ತರಲಾಗದು ಎಂದು ಕಂಪನಿಯೇ ಹೇಳಿತ್ತು. ಅವರದು ದೋಷಕ್ಕೆ ಸಿಕ್ಕಿ ಹೋದ ಫೋಟೊ. ನಾನು ಕೈಯಾರೆ ಕಳೆದವನು.

ಗುಡ್ಡದಿಂದ ಇಳಿಯಲೇ ಮನಸ್ಸಾಗಲಿಲ್ಲ. ಕತ್ತಲಾದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. 'ಆ ಕಾರ್ಡ್ ಇನ್ನು ಮುಟ್ಟಲ್ಲ, ನಾಳೆ ಬಾ' ಎಂದರು ಅಷ್ಟೇ. ಆ ಒಂದು ಮಾತು ನಮ್ಮನ್ನು ಮುಕ್ಕಾಲು ಪಾಲು ಉಳಿಸಿತು. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಫೋಟೊ ಎಲ್ಲಿದೆ ಎಂಬ ಪಟ್ಟಿ ಮಾತ್ರ. ಹೊಸ ಫೋಟೊ ಅದರ ಮೇಲೆ ಕೂರುವತನಕ ಹಳೆಯದು ಒಳಗೇ ಇರುತ್ತದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಹಾಕಿ ಇಡೀ ದಿನ ಕೂತೆವು. ಹೆಸರಿಲ್ಲದ ಫೈಲ್‌ಗಳು ಒಂದೊಂದಾಗಿ ಎದ್ದು ಬಂದವು. ಧಾರೆ ಬಂತು, ಸಪ್ತಪದಿ ಬಂತು. ನಾಮಕರಣದ 260 ಫೋಟೊ ಹೋಗಿ ಕೂತಿದ್ದು ಕಾರ್ಡ್‌ನ ಆರಂಭದಲ್ಲಿ, ಅಂದರೆ ಮದುವೆಯ ಬೆಳಗಿನ ಮೇಲೆ. ಅವುಗಳಲ್ಲಿ ಒಂದಷ್ಟು ಮೊದಲೇ ಕ್ಲೌಡ್ ಸೇರಿದ್ದವು. ಕೂಡಿಸಿ ಕಳೆದಾಗ ಹೋದದ್ದು 63.

ದಿಬ್ಬಣ ಬಂದದ್ದು, ಛತ್ರದ ಬಾಗಿಲಲ್ಲಿ ಮದುಮಗಳ ಅಪ್ಪ ವರನ ಕಾಲು ತೊಳೆದದ್ದು, ಅಜ್ಜಿ ಮೊಮ್ಮಗಳ ಜಡೆಗೆ ದಂಡೆ ಮುಡಿಸಿದ್ದು, ಎಲ್ಲ ಆ 63ರಲ್ಲಿ.

'ನೀನೇ ಹೇಳು' ಎಂದು ಅಣ್ಣ ಫೋನ್ ನನ್ನ ಕೈಗೆ ಕೊಟ್ಟರು. ಹೇಳಿದೆ. ಮದುಮಗಳ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಅಮ್ಮ ದಂಡೆ ಮುಡಿಸಿದ್ದು ಒಂದೂ ಇಲ್ವಾ ತಮ್ಮಾ?' ಎಂದರು. ಇಲ್ಲ ಎಂದೆ. 'ಹೋಗ್ಲಿ ಬಿಡು' ಎಂದರು. ಜಗಳವಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮುಂದಿನ ಹತ್ತು ದಿನ ನಾನು ಆ ಮದುವೆಗೆ ಬಂದಿದ್ದ ನೆಂಟರ ಬೆನ್ನು ಬಿದ್ದೆ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದರೆ ಫೋಟೊ ಕುಗ್ಗುತ್ತದೆ, ದಯವಿಟ್ಟು ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಒಬ್ಬೊಬ್ಬರಿಗೂ ವಿವರಿಸಿದೆ. ಒಬ್ಬ ಅತ್ತೆಯ ಫೋನಿನಲ್ಲಿ ದಂಡೆಯ ಫೋಟೊ ಸಿಕ್ಕಿತು. ಸ್ವಲ್ಪ ಅಲುಗಿದೆ, ಅಜ್ಜಿಯ ಮುಖ ಅರ್ಧ, ಮೂಲೆಯಲ್ಲಿ ಯಾರದೋ ಬೆರಳು. ಬೆರಳು ತೆಗೆದೆ. ಉಳಿದದ್ದನ್ನು ಎಷ್ಟು ತಿದ್ದಿದರೂ ಪಕ್ಕದ ಪುಟಗಳ ಬಣ್ಣಕ್ಕೆ ಅದು ಕೂಡಲಿಲ್ಲ. ಸಣ್ಣದಾಗಿ ಪ್ರಿಂಟ್ ಹಾಕಿಸಿದೆವು. ಅಣ್ಣ ಆಲ್ಬಂ ದುಡ್ಡಲ್ಲಿ ಬಿಟ್ಟ ಮೊತ್ತವನ್ನು ನನ್ನ ಸಂಬಳದಿಂದ ಹಿಡಿಯಲಿಲ್ಲ. ನಾನೇ ಎರಡು ಕಂತಿನಲ್ಲಿ ಕೊಟ್ಟೆ.

ಟ್ಯಾಬ್ ಬಿಟ್ಟಿಲ್ಲ. ಬಿಟ್ಟರೆ ಅಪ್ಪನ ಹತ್ತಿರ ಇರಲಾಗುವುದಿಲ್ಲ. ಆದರೆ ಸಿಂಕ್ ಎಂದರೆ ಬ್ಯಾಕಪ್ ಅಲ್ಲ ಎಂದು ಈಗ ಗೊತ್ತು. ಸಿಂಕ್ ಕನ್ನಡಿಯಂಥದ್ದು, ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಈಗ ಮದುವೆ ಮುಗಿದ ರಾತ್ರಿಯೇ ಸ್ಟುಡಿಯೊದ ಎರಡು ಹಾರ್ಡ್‌ಡಿಸ್ಕ್‌ಗೆ ಕಾಪಿ ಹೋಗುತ್ತದೆ. ಒಂದು ಸ್ಟುಡಿಯೊದಲ್ಲಿ, ಇನ್ನೊಂದು ಅಣ್ಣನ ಮನೆಯ ಬೀರುವಿನಲ್ಲಿ. ಫೋಟೊಗಳನ್ನು ಕ್ಲೌಡ್‌ಗೆ ಏರಿಸುವುದು ಸಾಗರದ ಬ್ರಾಡ್‌ಬ್ಯಾಂಡ್‌ನಲ್ಲೇ, ಗುಡ್ಡದ ಪಾಲಿಗೆ ಉಳಿದಿರುವುದು ಚೀಟಿ ಮಾತ್ರ. ಆಲ್ಬಂ ಗಿರಾಕಿಯ ಕೈ ಸೇರುವತನಕ ಕಾರ್ಡ್ ಫಾರ್ಮ್ಯಾಟ್ ಇಲ್ಲ. ಅದಕ್ಕಾಗಿ ನಾಲ್ಕು ಕಾರ್ಡ್ ಹೆಚ್ಚಿಗೆ ಕೊಂಡು, ಅಣ್ಣ ಅವನ್ನು ಹಳೇ ರೀಲ್ ಡಬ್ಬಿಗಳಲ್ಲಿ ಹಾಕಿ ಮುಚ್ಚಳದ ಮೇಲೆ ಮದುವೆಯ ತಾರೀಕು ಬರೆದಿಡುತ್ತಾರೆ.

ಇದನ್ನು ಬರೆಯುತ್ತಿರುವುದು ಸ್ಟುಡಿಯೊದಲ್ಲಿ ಕೂತು. ಟ್ಯಾಬ್ ಪಕ್ಕದಲ್ಲೇ ಇದೆ, ಪರದೆ ಆರಿಸಿಲ್ಲ. ಮೋಡದ ಚಿತ್ರ ಒತ್ತಿ ನೋಡಿದೆ, 212 ಬಾಕಿ. ಕರೆಂಟ್ ಹೋಗದಿದ್ದರೆ ಕೊನೇ ಬಸ್ಸು ಸಿಗಬಹುದು.