ದೂರದರ್ಶಕದ ಪೀಠ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳಲ್ಲಿ ಗ್ರಹಣ, ಸಂಕ್ರಮಣ ಮೊದಲಾದ ಪರ್ವಕಾಲಗಳಲ್ಲಿ ದತ್ತಿ ಬಿಟ್ಟ ವಿವರಗಳು ದೊರೆಯುತ್ತವೆ. ಆಕಾಶದ ಆಗುಹೋಗುಗಳನ್ನು ಗಮನವಿಟ್ಟು ಲೆಕ್ಕ ಹಾಕುತ್ತಿದ್ದ ಜನ ಈ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಇದ್ದರು. ಮಳೆಗಾಲ ಮುಗಿದು ಮೋಡಗಳು ಚದುರಿದ ಮೇಲೆ ಶಿಕಾರಿಪುರ, ಸೊರಬಗಳ ಹಳ್ಳಿಗಳಿಂದ ಕಾಣುವ ಇರುಳಿನ ಬಾನು ಇಂದಿಗೂ ಮನೋಹರವಾದುದು. ಅದನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕೆಂಬ ಹಂಬಲ ಹುಟ್ಟುವುದು ಸಹಜ. ಆದರೆ ದೂರದರ್ಶಕವನ್ನು ಕೊಳ್ಳುವವರು ಸಾಮಾನ್ಯವಾಗಿ ‘ಇದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?’ ಎಂದು ಮಾತ್ರ ಕೇಳುತ್ತಾರೆ. ‘ಇದು ಯಾವುದರ ಮೇಲೆ ನಿಲ್ಲುತ್ತದೆ?’ ಎಂಬ ಪ್ರಶ್ನೆ ಅದಕ್ಕಿಂತ ಕಡಮೆ ಮುಖ್ಯವಾದುದಲ್ಲ.

ನೂರು ಪಟ್ಟು ಹಿಗ್ಗಿಸುವ ದೂರದರ್ಶಕ ತನ್ನ ನಡುಕವನ್ನೂ ನೂರು ಪಟ್ಟು ಹಿಗ್ಗಿಸುತ್ತದೆ. ಮಸೂರ ಎಷ್ಟೇ ಉತ್ತಮವಾಗಿರಲಿ, ಅದನ್ನು ಹೊತ್ತ ಪೀಠ ಅಲುಗಾಡಿದರೆ ಶನಿಯ ಬಳೆಗಳು ಕಣ್ಣಿಗೆ ನಿಲ್ಲುವುದಿಲ್ಲ. ಕೊಳವೆಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿ ನೋಡಬೇಕು. ಎರಡು ಸೆಕೆಂಡುಗಳೊಳಗಾಗಿ ನೋಟ ಸ್ಥಿರವಾದರೆ ಪೀಠ ಗಟ್ಟಿಯಾದುದೆಂದು ತಿಳಿಯಬಹುದು.

ಸ್ಥಿರವಾಗಿ ನಿಂತರೆ ಮಾತ್ರ ಸಾಲದು. ಪೀಠ ಸರಾಗವಾಗಿ ತಿರುಗಲೂ ಬೇಕು. ಭೂಮಿಯ ಆವರ್ತನೆಯಿಂದಾಗಿ ನಕ್ಷತ್ರಗಳು ಗಂಟೆಗೆ ಸುಮಾರು 15 ಡಿಗ್ರಿಗಳಷ್ಟು ಸರಿಯುವಂತೆ ತೋರುತ್ತವೆ. ನೂರು ಪಟ್ಟು ಹಿಗ್ಗಿಸಿದಾಗ ದೂರದರ್ಶಕದಲ್ಲಿ ಕಾಣುವ ಆಕಾಶದ ಅಗಲ ಸುಮಾರು ಅರ್ಧ ಡಿಗ್ರಿ, ಎಂದರೆ ಹುಣ್ಣಿಮೆಯ ಚಂದ್ರನಷ್ಟು ಮಾತ್ರ. ಮಹಾವ್ಯಾಧನ ನಡುಪಟ್ಟಿಯಲ್ಲಿರುವ ಒಂದು ನಕ್ಷತ್ರ ಅದನ್ನು ಎರಡೇ ನಿಮಿಷಗಳಲ್ಲಿ ದಾಟಿಹೋಗುತ್ತದೆ.

ಹೀಗೆ ಸರಿಯುವ ನಕ್ಷತ್ರವನ್ನು ಹಿಂಬಾಲಿಸಲು ಎರಡು ಬಗೆಯ ಪೀಠಗಳಿವೆ. ಮೊದಲನೆಯದು ಆಲ್ಟಜಿಮತ್ ಪೀಠ. ಇದು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಚಲಿಸುತ್ತದೆ. ಎರಡನೆಯದು ಈಕ್ವಟೋರಿಯಲ್ ಪೀಠ. ಇದರ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ, ಧ್ರುವದ ಕಡೆಗೆ ತಿರುಗಿಸಿ ನಿಲ್ಲಿಸಬೇಕು. ಆಗ ಆ ಒಂದೇ ಅಕ್ಷವನ್ನು 23 ಗಂಟೆ 56 ನಿಮಿಷಗಳಿಗೆ ಒಂದು ಸುತ್ತಿನಂತೆ ತಿರುಗಿಸಿದರೆ ಸಾಕು, ನಕ್ಷತ್ರ ನೋಟದಿಂದ ಜಾರುವುದಿಲ್ಲ. ಈ ಕೆಲಸವನ್ನು ಸಣ್ಣ ಮೋಟಾರೊಂದು ಮಾಡಬಲ್ಲುದು. ದೀರ್ಘಕಾಲ ಛಾಯಾಚಿತ್ರ ತೆಗೆಯುವವರಿಗೆ ಇದು ಬಹಳ ಉಪಯುಕ್ತ.

ಆದರೆ ಇಲ್ಲಿ ಸ್ಥಳದ ವಿಚಾರ ಬರುತ್ತದೆ. ಧ್ರುವವು ದಿಗಂತದಿಂದ ಎಷ್ಟು ಎತ್ತರದಲ್ಲಿ ಇರುತ್ತದೆಯೋ ಅದೇ ಆ ಊರಿನ ಅಕ್ಷಾಂಶ. ಶಿಕಾರಿಪುರ, ಸೊರಬಗಳೆರಡೂ 14 ಡಿಗ್ರಿಗಿಂತ ತುಸು ಹೆಚ್ಚಿನ ಉತ್ತರ ಅಕ್ಷಾಂಶದಲ್ಲಿವೆ. ಆದುದರಿಂದ ಪೀಠದ ಅಕ್ಷವನ್ನು ಬಹುಮಟ್ಟಿಗೆ ಮಲಗಿಸಿದಂತೆ ಇರಿಸಬೇಕಾಗುತ್ತದೆ. ಯೂರೋಪು, ಅಮೆರಿಕಗಳ ಅಕ್ಷಾಂಶಗಳನ್ನು ಗಮನದಲ್ಲಿಟ್ಟು ತಯಾರಿಸಿದ ಕೆಲವು ಪೀಠಗಳು ಅಷ್ಟು ಕೆಳಕ್ಕೆ ಬಾಗುವುದೇ ಇಲ್ಲ. ಬಾಗಿದರೂ ತೂಕದ ಸರಳು ಮುಕ್ಕಾಲಿಗೆ ತಗಲುವುದುಂಟು. ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಎತ್ತರದಲ್ಲಿರುವ ಧ್ರುವ ನಕ್ಷತ್ರವಾದರೋ ಅಡಕೆ ತೋಟದ ಮರೆಗೋ ಗುಡ್ಡದ ಮರೆಗೋ ಸರಿದುಬಿಡಬಹುದು. ಅದು ಕಾಣದಿದ್ದರೆ ಅಕ್ಷವನ್ನು ಸರಿಯಾಗಿ ಹೊಂದಿಸುವುದು ಹೊಸಬರಿಗೆ ಕಷ್ಟ.

ಇಂತಹವರಿಗೆ ಜಾನ್ ಡಾಬ್ಸನ್ ಎಂಬುವರು ಸುಲಭವಾದ ದಾರಿ ತೋರಿದರು. 1915ರಲ್ಲಿ ಬೀಜಿಂಗಿನಲ್ಲಿ ಜನಿಸಿದ ಅವರು ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಆಶ್ರಮದಲ್ಲಿ ಸಂನ್ಯಾಸಿಯಾಗಿದ್ದರು. ಹಡಗಿನ ಕಿಟಕಿಯ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಯಲ್ಲಿ ಕೂರಿಸಿ, ಪ್ಲೈವುಡ್ಡಿನ ಪೆಟ್ಟಿಗೆಯ ಮೇಲೆ ನಿಲ್ಲಿಸಿದರು. 1967ರಲ್ಲಿ ಆಶ್ರಮವನ್ನು ಬಿಟ್ಟ ಬಳಿಕ, ಬೀದಿಬದಿಯಲ್ಲಿ ದೂರದರ್ಶಕವನ್ನಿಟ್ಟು ದಾರಿಹೋಕರಿಗೆಲ್ಲ ಆಕಾಶವನ್ನು ತೋರಿಸಿದರು. ಅವರ ಪೆಟ್ಟಿಗೆ ಆಲ್ಟಜಿಮತ್ ಪೀಠದ ಸರಳ ರೂಪ. ಇದಕ್ಕೆ ಧ್ರುವವನ್ನು ಹುಡುಕುವ ಕೆಲಸವಿಲ್ಲ. ತೂಕದ ಸರಳೂ ಬೇಕಿಲ್ಲ. ಸೊರಬ, ಸಾಗರಗಳು ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ಊರುಗಳು. ಮರಗೆಲಸದಲ್ಲಿ ಇಂಥ ನೈಪುಣ್ಯವುಳ್ಳ ನಾಡಿನಲ್ಲಿ ಈ ಪೆಟ್ಟಿಗೆಯನ್ನು ಮಾಡಿಸುವುದು ದುಸ್ತರವಲ್ಲ. ಮಲೆನಾಡಿನ ತೇವಕ್ಕೆ ಮರ ಉಬ್ಬದಂತೆ ವಾರ್ನಿಷ್ ಬಳಿಯುವುದನ್ನು ಮಾತ್ರ ಮರೆಯಬಾರದು.

ಇದರಲ್ಲಿಯೂ ಒಂದು ಕೊರತೆಯುಂಟು. ನಕ್ಷತ್ರ ನೆತ್ತಿಯ ಮೇಲೆ ಬಂದಾಗ ಈ ಪೀಠವನ್ನು ತಿರುಗಿಸುವುದು ಕಷ್ಟ. ಈ ಅಕ್ಷಾಂಶದಲ್ಲಿ ರೋಹಿಣಿ, ಮಘಾ ನಕ್ಷತ್ರಗಳು ನೆತ್ತಿಯ ಸಮೀಪದಲ್ಲಿಯೇ ಹಾದುಹೋಗುತ್ತವೆ. ಅವು ಇನ್ನೂ ಪೂರ್ವದಲ್ಲಿರುವಾಗಲೋ ಪಶ್ಚಿಮಕ್ಕೆ ವಾಲಿದ ಮೇಲೋ ನೋಡುವುದು ಜಾಣತನ.

ದೊಡ್ಡ ವೀಕ್ಷಣಾಲಯಗಳಲ್ಲಿಯೂ ಎರಡು ಬಗೆಯ ಪೀಠಗಳೂ ಇವೆ. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಯಾದ 2.34 ಮೀಟರ್ ದೂರದರ್ಶಕ ಈಕ್ವಟೋರಿಯಲ್ ಪೀಠದ ಮೇಲಿದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕ ಆಲ್ಟಜಿಮತ್ ಪೀಠದ್ದು. ಅದನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ನಡೆಸುತ್ತಾರೆ. ಅದರ ಎರಡು ಅಕ್ಷಗಳನ್ನೂ ಏಕಕಾಲದಲ್ಲಿ ತಿರುಗಿಸುವ ಹೊಣೆ ಗಣಕಯಂತ್ರದ್ದು.

ಆದುದರಿಂದ ಪೀಠಗಳಲ್ಲಿ ಇದು ಮೇಲು, ಅದು ಕೀಳು ಎಂಬ ಭೇದವಿಲ್ಲ. ಕೆಲಸ ಯಾವುದು, ಊರು ಯಾವುದು, ಹಣವೆಷ್ಟು ಎಂಬುದನ್ನು ಅರಿತು ಆಯ್ಕೆ ಮಾಡಬೇಕು. ಚಿತ್ರ ತೆಗೆಯುವವನಿಗೆ ಧ್ರುವವನ್ನು ನೋಡುವ ಪೀಠ ಬೇಕು. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಮಕ್ಕಳಿಗೆ ಚಂದ್ರನ ಕುಳಿಗಳನ್ನೂ ಗುರುವಿನ ಉಪಗ್ರಹಗಳನ್ನೂ ತೋರಿಸಲು ಗಟ್ಟಿಯಾದ ಮರದ ಪೆಟ್ಟಿಗೆಯೇ ಸಾಕು. ಕೈಯಲ್ಲಿರುವ ಅಲ್ಪ ಹಣವನ್ನೆಲ್ಲ ಮಸೂರಕ್ಕೇ ಸುರಿದು ಪೀಠವನ್ನು ಕಡೆಗಣಿಸಿದರೆ, ಆ ದೂರದರ್ಶಕ ಕೆಲವೇ ದಿನಗಳಲ್ಲಿ ಮೂಲೆ ಸೇರುತ್ತದೆ. ಭದ್ರವಾದ ತಳಹದಿಯ ಮೇಲೆ ನಿಂತುದು ಮಾತ್ರ ಆಕಾಶದತ್ತ ಸ್ಥಿರವಾಗಿ ನೋಡಬಲ್ಲುದು.